ಸ್ಕ್ರೀನಿನ ಮೂಲೆಯ ಸಾಲು

ಇವತ್ತು ದಸರೆ. ಬೆಳಗ್ಗಿನಿಂದ ಮಾಡಿದ ಕೆಲಸಗಳು ಇಷ್ಟು: ನೀರು ಬಿಡುವ ಹೊತ್ತಿಗೆ ಎದ್ದು ಡ್ರಮ್ಮು, ಹಂಡೆ ತುಂಬಿಸಿದ್ದು. ಹಾಲು ಕಾಯಿಸಿದ್ದು, ಸ್ವಲ್ಪ ಉಕ್ಕಿಸಿದ್ದು, ಒಲೆ ಒರೆಸಿದ್ದು. ಬಾಗಿಲಿಗೆ ಚೆಂಡುಹೂವಿನ ತೋರಣ ಕಟ್ಟಿದ್ದು. ಹೂವನ್ನು ನಿನ್ನೆಯೇ ತಂದಿಟ್ಟಿದ್ದೆ. ದಸರೆಯ ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಹೂವು ಕೊಳ್ಳುವುದೆಂದರೆ ಆಫೀಸಿನ ಹೊತ್ತಿಗೆ ಫಾಸ್ಟ್ ಲೋಕಲ್ ಹತ್ತಿದ ಹಾಗೆ, ಬೇಕಾದದ್ದು ಸಿಗುವುದಿಲ್ಲ, ಸೆರಗು ಮಾತ್ರ ಹರಿಯುತ್ತದೆ. ಎದುರುಮನೆಯ ಮರಾಠಿಯವರು ಬಂಗಾರವೆಂದು ಆಪಟೆಯ ಎಲೆ ಕೊಟ್ಟರು, ನಾವೂ ಕೊಟ್ಟೆವು. ಹೆಸರುಬೇಳೆ ಹುರಿದಿಟ್ಟದ್ದು. ನಿನ್ನೆ ಆಯುಧ ಪೂಜೆಗೆ ಇಟ್ಟಿದ್ದ ಹೊಲಿಗೆ ಯಂತ್ರ, ಮಿಕ್ಸರ್, ತುರಿಮಣೆ, ಇವರ ಸ್ಕೂಟರು, ಕಂಪ್ಯೂಟರಿನ ಪೆಟ್ಟಿಗೆ, ಇಷ್ಟರ ಕುಂಕುಮ ಒರೆಸಿದ್ದು. ಕಂಪ್ಯೂಟರಿನ ಸ್ಕ್ರೀನಿನ ಮೇಲಿನ ಕುಂಕುಮ ಒರೆಸಲು ಹೋದಾಗ ಅತ್ತೆ, "ಅದು ಇರಲಿ" ಎಂದರು. ಹಾಗಾಗಿ ಅದನ್ನು ಬಿಟ್ಟದ್ದು.

ಆ ಕುಂಕುಮ ಅಲ್ಲಿಗೆ ಬಂದದ್ದು ಸುಲಭದಲ್ಲಿ ಅಲ್ಲ. ಈ ಸಲದ ನವರಾತ್ರಿ ಪೂರ್ತಿ ನಮಗೆ ಅದೇ ಆಯಿತು.

ಮನೆಯಲ್ಲಿ ನಾವು ಮೂವರು. ಇವರಿಗೆ ಅಂಬರನಾಥದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ನಾನು ಮನೆಯಲ್ಲಿ. ಮೂರನೆಯವರು ಅತ್ತೆ. ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಟೀಚರಾಗಿದ್ದವರು. ಮಕ್ಕಳು ಕಡಿಮೆಯಾಗುತ್ತಾ ಬಂದು ಶಾಲೆ ಮುಚ್ಚಿತು. ಅತ್ತೆ ಅದಕ್ಕಿಂತ ಸ್ವಲ್ಪ ಮೊದಲೇ ನಿವೃತ್ತರಾಗಿದ್ದರು. ಯಾರಾದರೂ ಶಾಲೆಯ ಸುದ್ದಿ ತೆಗೆದರೆ, "ನಾನು ಇರುವಷ್ಟು ದಿನ ಇತ್ತು" ಎನ್ನುತ್ತಾರೆ. ಅದರಲ್ಲಿ ಜಂಬವೂ ಇಲ್ಲ, ದುಃಖವೂ ಇಲ್ಲ. ಇತ್ತು, ಅಷ್ಟೇ.

ಮೊಣಕಾಲು ನೋವು ಬಂದ ಮೇಲೆ ಅತ್ತೆ ನಾಲ್ಕು ಮಾಳಿಗೆ ಇಳಿಯುವುದನ್ನು ನಿಲ್ಲಿಸಿದರು. ಲಿಫ್ಟಿನ ಮಾತು ಸೊಸೈಟಿಯ ಪ್ರತಿ ಮೀಟಿಂಗಿನಲ್ಲೂ ಬರುತ್ತದೆ, ಲಿಫ್ಟು ಮಾತ್ರ ಬಂದಿಲ್ಲ. ಕಿಟಕಿಯ ಹತ್ತಿರ ಕೂತು ಕೆಳಗಿನ ರಿಕ್ಷಾ ನೋಡುತ್ತಾ ಅವರು ಮಾತು ಕಡಿಮೆ ಮಾಡಿದರು, ಊಟ ಕಡಿಮೆ ಮಾಡಿದರು. ಆಗಲೇ ನೆರೂಳದಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಫೋನಿನಲ್ಲಿ, "ನಮ್ಮ ಮಗನಿಗೆ ಕನ್ನಡ ಅರ್ಥ ಆಗ್ತದೆ, ಆದ್ರೆ ಉತ್ತರ ಕೊಡುವುದು ಹಿಂದಿಯಲ್ಲಿ. ನೀವು ಸ್ವಲ್ಪ ಹೇಳಿ ಕೊಡ್ತೀರಾ ದೊಡ್ಡಮ್ಮ?" ಎಂದು ಕೇಳಿದ್ದು. ಒಬ್ಬನಿಗೆಂದು ಶುರುವಾದದ್ದು. ಅವನ ಹಿಂದೆ ಖಾರಘರದಿಂದ ಇಬ್ಬರು, ಠಾಣೆಯಿಂದ ಒಬ್ಬಳು, ಹೀಗೆ ಈಗ ಎಂಟೊಂಬತ್ತು ಮಕ್ಕಳು. ಶನಿವಾರ, ಭಾನುವಾರ ಬೆಳಿಗ್ಗೆ ಪಾಠ. ಅತ್ತೆ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಕೈಗೆ ವಾಚು ಕಟ್ಟಿ, ಕಂಪ್ಯೂಟರಿನ ಎದುರು ಕೂರುತ್ತಾರೆ. ಸ್ಕ್ರೀನಿನಲ್ಲೇ ಗಂಟೆ ತೋರಿಸುತ್ತದೆ ಎಂದು ಒಮ್ಮೆ ಹೇಳಿದೆ. "ಅದು ಅದರ ಗಂಟೆ" ಎಂದರು. ಪಾಠದ ದಿನಗಳಲ್ಲಿ ಅವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ನಾನು ನೋಡಿಕೊಂಡದ್ದು ಮುಖ್ಯವಾಗಿ ಅದನ್ನು.

ಕಂಪ್ಯೂಟರನ್ನು ತಂದದ್ದು ಕಲ್ಯಾಣದ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ. ಯಾವುದೋ ಆಫೀಸಿನಲ್ಲಿ ದುಡಿದು ಬಂದ ಪೆಟ್ಟಿಗೆ, ಬದಿಯಲ್ಲಿ ಹಳೆಯ ನಂಬರಿನ ಚೀಟಿ ಹಾಗೇ ಇತ್ತು. ಅಂಗಡಿಯವನೇ ಒಳಗೆ ಎಲ್ಲ ತುಂಬಿಸಿ, ನಾನು ಕೇಳಿದ ಹಳೆಯ ಕನ್ನಡ ಟೈಪಿಂಗಿನದ್ದನ್ನೂ ಹಾಕಿ, ಸ್ವಿಚ್ಚು ಒತ್ತಿ ತೋರಿಸಿದ. ಸ್ಕ್ರೀನಿನ ಬಲಗಡೆ ಕೆಳಮೂಲೆಯಲ್ಲಿ ಬೂದುಬಣ್ಣದ ಇಂಗ್ಲಿಷು ಅಕ್ಷರ ಕಂಡಿತು. ಸಿಸ್ಟಮನ್ನು ಆಕ್ಟಿವೇಟ್ ಮಾಡಿ, ಅದಕ್ಕಾಗಿ ಸೆಟ್ಟಿಂಗ್ಸಿಗೆ ಹೋಗಿ ಎಂದು ಅದರ ಮಾತು.

"ಇದೆಂತದು?" ಎಂದೆ.

"ಕಾಕೂ, ಟೆನ್ಶನ್ ಘೇವೂ ನಕಾ," ಚಿಂತೆ ಬೇಡ ಎಂದ. "ಲೈಸೆನ್ಸ್ ತೆಗೆಯದಿದ್ದರೆ ಹಾಗೆ ಬರುತ್ತದೆ. ಕೆಲಸಕ್ಕೆ ಏನೂ ಆಗುವುದಿಲ್ಲ. ಎಲ್ಲರೂ ಹೀಗೇ ಬಳಸುವುದು."

ಎಲ್ಲರೂ ಬಳಸುವುದನ್ನು ನಾವೂ ಬಳಸಿದೆವು. ಅದರ ಮೇಲೆ ಯೋಚನೆ ಮಾಡಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಸಾಲು ಫ್ರಿಜ್ಜಿನ ಬಾಗಿಲಲ್ಲಿ ಉಳಿದ ಕಂಪನಿ ಸ್ಟಿಕ್ಕರಿನ ಹಾಗೆ ಇತ್ತು. ಮೊದಲ ವಾರ ಕಂಡಿತು, ಆಮೇಲೆ ಕಾಣಲಿಲ್ಲ. ಹಿನ್ನೆಲೆಯ ಬಣ್ಣ ಬದಲಿಸಲು ಒಮ್ಮೆ ನೋಡಿದೆ. ಮೊದಲು ಆಕ್ಟಿವೇಟ್ ಮಾಡಿ ಎಂದಿತು, ಬಿಟ್ಟೆ. ಅಂಗಡಿಯವ ಇಟ್ಟುಕೊಟ್ಟ ಕಪ್ಪು ಬಣ್ಣವೇ ಉಳಿಯಿತು. ಅತ್ತೆಗೆ ಅದೇ ಹಿಡಿಸಿತು. "ಬೋರ್ಡು ಕಪ್ಪೇ ಇರಬೇಕು" ಎಂದರು. ಹಾಗಾಗಿ ನಾನು ಪಾಠಗಳನ್ನೂ ಕಪ್ಪಿನ ಮೇಲೆ ಬಿಳಿ ಅಕ್ಷರದಲ್ಲಿ ಟೈಪ್ ಮಾಡಿ ಇಡುತ್ತಿದ್ದೆ. ಅತ್ತೆ ಹೇಳುವುದು, ನಾನು ಟೈಪ್ ಮಾಡುವುದು, ಮಕ್ಕಳಿಗೆ ಸ್ಕ್ರೀನ್ ತೋರಿಸುವುದು. ಸಾಲು ಮಾತ್ರ ಎಲ್ಲ ಪಾಠದ ಕೆಳಗೂ ಇದ್ದಲ್ಲೇ ಇತ್ತು. ಅತ್ತೆಯ ಕನ್ನಡಕಕ್ಕೆ ಅಷ್ಟು ಮಸುಕಾದದ್ದು ನಿಲುಕುತ್ತಿರಲಿಲ್ಲ.

ನವರಾತ್ರಿಗೆ ಮೊದಲಿನ ಭಾನುವಾರ ಖಾರಘರದ ಹುಡುಗಿಗೆ ಓದುವ ಸರದಿ. ಅತ್ತೆಯ ತರಗತಿಯಲ್ಲಿ ಓದುವುದಕ್ಕೆ ಒಂದು ನಿಯಮ ಉಂಟು. ಬೋರ್ಡಿನಲ್ಲಿ ಇರುವುದನ್ನೆಲ್ಲ ಓದಬೇಕು, ಒಂದಕ್ಷರ ನುಂಗಬಾರದು, ಮುಗಿಯಿತು ಎಂದು ಟೀಚರು ಹೇಳುವವರೆಗೆ ನಿಲ್ಲಿಸಬಾರದು. ಹುಡುಗಿ ಜಾಗ್ರತೆಯವಳು. "ಬಾವಿಯ ನೀರು ತಣ್ಣಗಿದೆ. ಕೊಡ ತುಂಬಿತು. ಅಮ್ಮ ಕೊಡ ಹೊತ್ತಳು" ಎಂದು ಓದಿದಳು. ಅತ್ತೆ ಆ ಹೊತ್ತಿಗೆ ವಾಚಿನ ಪಟ್ಟಿ ಸರಿಮಾಡುತ್ತಿದ್ದರು, ಮುಗಿಯಿತು ಎನ್ನಲಿಲ್ಲ. ಹುಡುಗಿ ಅದೇ ರಾಗದಲ್ಲಿ ಮುಂದುವರಿಸಿ ಮೂಲೆಯ ಇಂಗ್ಲಿಷನ್ನೂ ಓದಿದಳು. ಆಕ್ಟಿವೇಟ್, ಗೋ ಟು ಸೆಟ್ಟಿಂಗ್ಸ್, ಪೂರ್ತಿ.

"ಅದೆಲ್ಲಿಂದ ಬಂತು?" ಅತ್ತೆ ಕೇಳಿದರು.

"ಬೋರ್ಡ್ ಮೇ ಲಿಖಾ ಹೈ ಅಜ್ಜಿ."

ಆಗ ನೆರೂಳದ ಹುಡುಗ ನಡುವೆ ಬಾಯಿ ಹಾಕಿದ. "ಅಜ್ಜಿ, ವೋ ಲೆಸನ್ ನಹೀ ಹೈ. ಆಪ್ಕಾ ಸಿಸ್ಟಮ್ ಫುಕಟ್ ಕಾ ಹೈ ನಾ, ಇಸ್ಲಿಯೇ ಆತಾ ಹೈ."

"ಕನ್ನಡದಲ್ಲಿ ಹೇಳು," ಎಂದರು ಅತ್ತೆ. ಇದು ಎರಡನೆಯ ನಿಯಮ.

ಹುಡುಗ ಮೇಲೆ ನೋಡಿದ, ಕೆಳಗೆ ನೋಡಿದ. ಶಬ್ದ ಹುಡುಕಿದ. "ಅಜ್ಜಿ... ನೀವು... ದುಡ್ಡು ಕೊಡಲಿಲ್ಲ. ಅದಕ್ಕೆ... ಅದು ಬರ್ತದೆ."

ಇಷ್ಟು ದಿನ ಒಂದೊಂದೇ ಶಬ್ದ ಹೇಳುತ್ತಿದ್ದವನು. ಯಾರ ಸಹಾಯವೂ ಇಲ್ಲದೆ ಅವನು ಕನ್ನಡದಲ್ಲಿ ಪೂರ್ತಿ ಆಡಿದ ಮೊದಲ ಮಾತು ಅದು.

"ಸರಿಯಾಗಿ ಹೇಳಿದೆ," ಎಂದರು ಅತ್ತೆ. "ಇವತ್ತಿಗೆ ಸಾಕು ಮಕ್ಕಳೇ."

ಮಕ್ಕಳ ಮುಖಗಳು ಒಂದೊಂದಾಗಿ ಆರಿದವು. ಅತ್ತೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಹಾಕಿಕೊಂಡು, ಮುಖವನ್ನು ಸ್ಕ್ರೀನಿನ ಮೂಲೆಗೆ ಕೊಂಡುಹೋಗಿ ಓದಿದರು.

"ಆ ಹುಡುಗ ಹೇಳಿದ್ದು ನಿಜವಾ?"

"ಎಲ್ಲರೂ ಹೀಗೇ ಬಳಸುವುದು ಅತ್ತೆ."

"ನಾನು ಎಲ್ಲರನ್ನು ಕೇಳಲಿಲ್ಲ."

ಇವರು ಪೇಪರಿನ ಹಿಂದಿನಿಂದ ಹೇಳಿದರು: "ಅಮ್ಮಾ, ಅದು ಎಷ್ಟು ದೊಡ್ಡ ಕಂಪನಿ ಗೊತ್ತುಂಟಾ? ನಾವು ಒಬ್ಬರು ಕೊಡದಿದ್ದರೆ ಅವರ ಮನೆಯ ಒಲೆ ಆರುವುದಿಲ್ಲ."

"ರೈಲ್ವೆಯೂ ದೊಡ್ಡದೇ. ನೀನು ಪಾಸು ಯಾಕೆ ತೆಗೆಯುತ್ತೀ?"

"ಟಿ.ಸಿ. ಹಿಡಿಯುತ್ತಾನಲ್ಲ."

"ಓಹೋ. ಟಿ.ಸಿ. ಇಲ್ಲದ ಕಡೆ ನೀನು ಹೀಗೆ ಅಂತಾಯಿತು."

ಇವರು ಪೇಪರು ಮಡಚಿ, ಬ್ರೆಡ್ಡು ತರುತ್ತೇನೆ ಎಂದು ಕೆಳಗೆ ಹೋದರು. ಬ್ರೆಡ್ಡು ಮನೆಯಲ್ಲಿ ಇತ್ತು.

ಅತ್ತೆ ಸಿಟ್ಟು ಮಾಡುವವರಲ್ಲ. ಸಿಟ್ಟು ಮಾಡಿದ್ದರೆ ನಾಲ್ಕು ದಿನದಲ್ಲಿ ಇಳಿಯುತ್ತಿತ್ತು. ಅವರು ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದರು. ನಮ್ಮಲ್ಲಿ ನವರಾತ್ರಿಗೆ ಪುಸ್ತಕಗಳನ್ನು ಶಾರದೆಯ ಎದುರು ಪೂಜೆಗೆ ಇಡುತ್ತೇವೆ, ದಶಮಿಯ ದಿನ ತೆಗೆದು ಓದುತ್ತೇವೆ, ಚಿಕ್ಕ ಮಕ್ಕಳಿಗೆ ಅಂದೇ ಅಕ್ಷರಾಭ್ಯಾಸ. ಅತ್ತೆಯ ತವರಿನಲ್ಲಿ ಅದಕ್ಕೊಂದು ಕಟ್ಟು ಇತ್ತು. ಎರವಲು ತಂದ ಪುಸ್ತಕ ಪೂಜೆಗೆ ಇಡಬಾರದು. ಲೈಬ್ರರಿಯದ್ದಾದರೆ ಮೊದಲೇ ವಾಪಸು, ನೆರೆಯವರದ್ದಾದರೆ ಅವರ ಮನೆಗೆ. ಶಾಲೆಯಲ್ಲಿ ಇರುವಾಗಲೂ ಅವರು ನವರಾತ್ರಿಗೆ ಮೊದಲು ಮಕ್ಕಳ ಚೀಲ ನೋಡುತ್ತಿದ್ದರಂತೆ.

"ಕೇಳಿ ತಂದದ್ದಕ್ಕೇ ಪೂಜೆ ಇಲ್ಲ. ಇದು ಕೇಳದೆ ತಂದದ್ದು," ಎಂದರು. "ಪೆಟ್ಟಿಗೆ ನಮ್ಮದು, ಅದಕ್ಕೆ ಕುಂಕುಮ ಇಡುವ. ಸ್ಕ್ರೀನಿಗೆ ಬೇಡ. ಪೂಜೆ ಇಲ್ಲದ್ದರ ಎದುರು ದಶಮಿಯ ದಿನ ಅಕ್ಷರ ಹೇಳಿಕೊಡುವುದು ಹೇಗೆ? ಪಾಠ ನಿಲ್ಲಿಸುವ."

"ದಶಮಿಗೆ ಮಾತ್ರವಾ?"

"ದಶಮಿಗೆ ಆಗದ್ದು ಏಕಾದಶಿಗೆ ಆಗುತ್ತದಾ?"

ಅಷ್ಟು ಹೇಳಿ ಕಿಟಕಿಯ ಹತ್ತಿರ ಹೋಗಿ ಕೂತರು. ಆ ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ತೊಂದರೆ ಏನೆಂದರೆ ಅವರೇ ಇನ್ನೊಂದು ಕಡೆ ಮಾತು ಕೊಟ್ಟಾಗಿತ್ತು. ಇವರ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುವವನೊಬ್ಬ ಉಂಟು, ವಿಜಯಪುರದ ಕಡೆಯವನು. ಹಿಂದಿನ ತಿಂಗಳು ಒಂದು ಕಟ್ಟು ಜೋಳದ ರೊಟ್ಟಿ ಹಿಡಿದುಕೊಂಡು ಮನೆಗೆ ಬಂದಿದ್ದ. ಕುರ್ಚಿ ಕೊಟ್ಟರೂ ನೆಲದಲ್ಲೇ ಕೂತು, "ಅಮ್ಮಾರ, ನಮ್ಮ ಹುಡುಗಿ ಹಿಂದಿ ಮಾತಾಡ್ತಾಳ, ಮರಾಠಿ ಮಾತಾಡ್ತಾಳ. ಊರಾಗ ನಮ್ಮವ್ವನ ಮುಂದ ಕುಂಡ್ರಿಸಿದ್ರ ಬಾಯಿನ ಬಿಡೂದಿಲ್ರಿ. ಮುದುಕಿ ಅಳ್ತದ. ನಾಕ ಅಕ್ಷರ ನೀವ ಹಾಕಿಸ್ರಿ" ಎಂದಿದ್ದ. ಕರೆದುಕೊಂಡು ಬಾ ಎಂದರೆ ಮನೆಯಲ್ಲಿ ಬಾಣಂತಿ, ದಸರೆಗೆ ಕಾರ್ಖಾನೆಯ ಪೂಜೆ ಮುಗಿದ ಕೂಡಲೇ ಲೋಡಿಂಗು. ನಡುವೆ ಒಂದಿಷ್ಟು ಹೊತ್ತು ಸಿಗುತ್ತದೆ, ಫೋನಿನಲ್ಲಿ ಕೂರಿಸುತ್ತೇನೆ ಎಂದ. "ತಟ್ಟೆಯಲ್ಲಿ ಅಕ್ಕಿ ಹರವಿ ಇಡು. ದಸರೆಯ ದಿನ ನಾನು ಬರೆಸುತ್ತೇನೆ," ಎಂದು ಅತ್ತೆ ಹೇಳಿದ್ದರು. ಅವನು ಅವರ ಕಾಲು ಮುಟ್ಟಿ ಹೋದ.

ಒಂದು ಕಡೆ ಆ ಮಾತು, ಇನ್ನೊಂದು ಕಡೆ ತವರಿನ ಈ ಕಟ್ಟು. ಎರಡನ್ನೂ ಮುರಿಯುವವರಲ್ಲ ಅತ್ತೆ. ಎರಡೂ ಉಳಿಯುವ ದಾರಿಯನ್ನು ನಾನೇ ನೋಡಬೇಕಾಯಿತು, ಯಾಕೆಂದರೆ ಇವರು ದಿನಕ್ಕೊಂದು ಬ್ರೆಡ್ಡು ತರತೊಡಗಿದ್ದರು.

ಮೊದಲು ಮೊಬೈಲಿನಲ್ಲಿ ಮಾಡಿ ನೋಡಿದೆವು. ಶನಿವಾರ ನನ್ನ ಫೋನನ್ನು ಅಕ್ಕಿಯ ಡಬ್ಬಿಗೆ ಒರಗಿಸಿ ಇಟ್ಟೆ. ಅತ್ತೆ ಸ್ಲೇಟಿನಲ್ಲಿ ಬರೆದು ತೋರಿಸಿದರು. ಮಕ್ಕಳು ತಮ್ಮ ಸ್ಲೇಟು ಎತ್ತಿ ತೋರಿಸಿದರೆ ಅತ್ತೆಗೆ ಕಂಡದ್ದು ಅಂಚೆಚೀಟಿಯಷ್ಟು ದೊಡ್ಡ ಕೆಲವು ಚೌಕಗಳು. ಯಾರದ್ದು ಸರಿ, ಯಾರದ್ದು ತಪ್ಪು ಎಂದು ತಿಳಿಯದೆ ಎಲ್ಲರಿಗೂ "ಚಂದ ಉಂಟು" ಎಂದರು. ಅತ್ತೆ ಆ ಮಾತು ಅಷ್ಟು ಸುಲಭವಾಗಿ ಹೇಳಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ. ನಡುವೆ ಫೋನು ಜಾರಿ ಅಂಗಾತ ಬಿತ್ತು, ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಮಕ್ಕಳು ಬಹಳ ಹೊತ್ತು ನಮ್ಮ ಸೀಲಿಂಗ್ ಫ್ಯಾನು ನೋಡುತ್ತಾ ಕೂತಿದ್ದರು. ಯಾರೂ ಹೇಳಲಿಲ್ಲ. ಪಾಠ ಎಂದುಕೊಂಡರಂತೆ.

"ಇದು ಮಕ್ಕಳಿಗೆ ಮೋಸ," ಎಂದರು ಅತ್ತೆ. ಫೋನನ್ನು ನನ್ನ ಕೈಗೆ ಕೊಟ್ಟರು.

ಸೋಮವಾರ ಅಡುಗೆ ಮುಗಿಸಿ ಕಲ್ಯಾಣಕ್ಕೆ ಹೋದೆ. ಅಂಗಡಿಯವನಿಗೆ ನನ್ನ ನೆನಪಿತ್ತು. "ಬೋಲಾ ಕಾಕೂ, ಏನು ಹಾಳಾಯಿತು?"

"ಏನೂ ಹಾಳಾಗಲಿಲ್ಲ. ಅದರ ಲೈಸೆನ್ಸು ಬೇಕಿತ್ತು."

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅಂಗಡಿಯಲ್ಲಿದ್ದ ಇನ್ನೊಬ್ಬ ಗಿರಾಕಿಯೂ ತಿರುಗಿ ನೋಡಿದ.

"ಯಾಕೆ? ಯಾರಾದರೂ ಚೆಕ್ಕಿಂಗಿಗೆ ಬಂದಿದ್ದರಾ?"

"ಅತ್ತೆ ಕೇಳಿದರು."

"ಆಫೀಸಿನಲ್ಲಿದ್ದಾರಾ?"

"ಮನೆಯಲ್ಲೇ ಇದ್ದಾರೆ."

ಅವನು ಹೇಳಿದ ಬೆಲೆ ನಾವು ಪೆಟ್ಟಿಗೆಗೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ನನ್ನ ಮುಖ ನೋಡಿ ಅವನಿಗೇ ಕನಿಕರ ಬಂತು. "ಒಂದು ಕೆಲಸ ಮಾಡುವ. ಆನ್‌ಲೈನಿನಲ್ಲಿ ಒಂದು ನಂಬರು ಸಿಗುತ್ತದೆ, ವಡಾಪಾವಿನ ಬೆಲೆಗೆ. ಹಾಕಿದರೆ ಆ ಸಾಲು ಹೋಗುತ್ತದೆ. ಒರಿಜಿನಲ್ ಸಾರಖಾ."

ರಾತ್ರಿ ಊಟಕ್ಕೆ ಕೂತಾಗ ಅದನ್ನು ಅತ್ತೆಗೆ ಹೇಳಿದೆ.

"ಸಾರಖಾ ಅಂದರೆ?"

"ಅದರ ಹಾಗೆಯೇ ಇರುವುದು."

"ಅದರ ಹಾಗೆಯೇ ಇರುವುದು ಈಗಲೂ ಉಂಟಲ್ಲ, ಮಗಾ."

ಇವರು ಸಾರು ಸುರಿದುಕೊಳ್ಳುತ್ತಾ, "ಆ ಮೂಲೆಗೆ ಒಂದು ಬಿಂದಿ ಅಂಟಿಸಿದರೆ ಆಯಿತು" ಎಂದರು. ಅತ್ತೆ ಅವರ ಕಡೆ ನೋಡಿದರು. ಇವರು ಉಪ್ಪಿನಕಾಯಿ ಕೇಳಿದರು.

ಮರುದಿನ ಪುನಃ ಕಲ್ಯಾಣ. ಅಂಗಡಿಯವ ಈಗ ನನ್ನನ್ನು ನೋಡಿದ್ದೇ ಕೈ ಮುಗಿದ. "ಕಾಕೂ, ನಿಮಗೆ ದುಡ್ಡೂ ಕೊಡಲಿಕ್ಕಿಲ್ಲ, ಕದ್ದದ್ದೂ ಆಗಬಾರದು. ಅಂಥದ್ದು ಎಲ್ಲಿಂದ ತರಲಿ?" ಎಂದವನು ತಲೆ ಕೆರೆದುಕೊಂಡು, "ಒಂದು ಉಂಟು. ಬೇರೆ ಸಿಸ್ಟಮ್. ಪುಕ್ಕಟೆ, ಆದರೆ ಕಾಯ್ದೆ ಪ್ರಕಾರವೇ ಪುಕ್ಕಟೆ. ಆದರೆ ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ" ಎಂದ.

"ಯಾಕೆ?"

"ಪುಕ್ಕಟೆ ಅಲ್ಲವಾ, ನಂಬಿಕೆ ಬರುವುದಿಲ್ಲ."

"ಅದು ಯಾರದ್ದು?"

ಅವನು ಯೋಚನೆ ಮಾಡಿದ. "ಕುಣಾಚಂಚ ನಾಹೀ," ಎಂದ. ಯಾರದ್ದೂ ಅಲ್ಲ. ಆಮೇಲೆ ಅದು ಸರಿಯಾಗಲಿಲ್ಲ ಅನಿಸಿ, "ಸಗಳ್ಯಾಂಚಂ," ಎಂದ. ಎಲ್ಲರದ್ದು.

ಅತ್ತೆಗೆ ಇದನ್ನು ದಾಟಿಸುವುದು ಕಲ್ಯಾಣಕ್ಕೆ ಹೋಗಿ ಬರುವುದಕ್ಕಿಂತ ಕಷ್ಟವಾಯಿತು. ಕೊಟ್ಟವರು ಯಾರು ಎಂದರು. ಊರೂರಿನವರು ಸೇರಿ ಮಾಡಿದ್ದಂತೆ ಎಂದೆ. ಯಾಕೆ ಮಾಡಿದರು, ಅವರಿಗೆ ಬೇರೆ ಕೆಲಸ ಇರಲಿಲ್ಲವಾ ಎಂದರು. ಇವರು, ಬಹಳ ದಿನದ ಮೇಲೆ, ಒಂದು ಉಪಯೋಗದ ಮಾತು ಹೇಳಿದರು.

"ದೇವಸ್ಥಾನದಲ್ಲಿ ಊಟ ಹಾಕುವುದಿಲ್ಲವಾ ಅಮ್ಮಾ? ಯಾರೋ ಅಕ್ಕಿ ಕೊಟ್ಟದ್ದು, ಯಾರೋ ಬಡಿಸುವುದು. ನಾವು ಕೂತು ಉಣ್ಣುತ್ತೇವೆ. ಕಳ್ಳತನವಾ ಅದು?"

ಅತ್ತೆ ಕಿಟಕಿಯಿಂದ ಈಚೆ ತಿರುಗಿದರು. "ಅಲ್ಲ," ಎಂದರು. "ಆದರೆ ಅಲ್ಲಿ ಉಂಡ ಎಲೆ ನಾವೇ ತೆಗೆಯುತ್ತಿದ್ದೆವು. ಅಪ್ಪ ಇನ್ನೊಂದು ಪಂಕ್ತಿಗೆ ಬಡಿಸಲು ನಿಲ್ಲುತ್ತಿದ್ದರು. ಸುಮ್ಮನೆ ಕೈ ತೊಳೆದು ಬರುವುದಲ್ಲ."

"ಇದರಲ್ಲಿ ಎಲೆ ಎಲ್ಲಿಂದ ಅಮ್ಮಾ?"

"ಇರುತ್ತದೆ. ಊಟ ಇದ್ದಲ್ಲಿ ಎಲೆ ಇರುತ್ತದೆ. ಅದನ್ನೇ ಹಾಕಿಸಿ."

ಪೆಟ್ಟಿಗೆಯನ್ನು ಇವರು ಕೊಂಡುಹೋಗಿ ಕೊಟ್ಟರು. ದಸರೆ ಕಳೆದು ಬನ್ನಿ ಎಂದ ಅಂಗಡಿಯವನಿಗೆ ನಾನು ಫೋನಿನಲ್ಲಿ ಅಂಬರನಾಥದ ಆ ಲೋಡಿಂಗಿನವನ ಹುಡುಗಿಯ ಕಥೆ ಹೇಳಿದೆ. ಅವನು ಪೂರ್ತಿ ಕೇಳಿ, "ಅಚ್ಛಾ, ಅಚ್ಛಾ" ಎಂದ. ನಿನ್ನೆ ಬೆಳಿಗ್ಗೆ ಪೆಟ್ಟಿಗೆ ರಿಕ್ಷಾದಲ್ಲಿ ವಾಪಸು ಬಂತು. ಅವರ ಅಂಗಡಿಯ ಪೂಜೆಯೂ ನಿನ್ನೆಯೇ ಆದ್ದರಿಂದ ಅದಕ್ಕೆ ಆಗಲೇ ಒಂದು ಚೆಂಡುಹೂವಿನ ಮಾಲೆ ಬಿದ್ದಿತ್ತು. ಸೊಸೈಟಿಯ ವಾಚ್‌ಮನ್ ಅದನ್ನು ನಾಲ್ಕು ಮಾಳಿಗೆ ಹೊತ್ತು ತಂದು, ಕೈ ಮುಗಿದು ಹೋದ. ಒಳಗೆ ದೇವರಿದೆ ಎಂದುಕೊಂಡನೋ ಏನೋ.

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಸ್ವಿಚ್ಚು ಒತ್ತಿದೆ. ಹೊಸ ಬಣ್ಣ, ಹೊಸ ಚಿತ್ರ ಬಂತು. ಅತ್ತೆ ಅದನ್ನೆಲ್ಲ ನೋಡಲಿಲ್ಲ, ಬಲಗಡೆಯ ಕೆಳಮೂಲೆಗೆ ಮುಖ ಕೊಂಡುಹೋದರು.

"ಆರಿಸು."

ಆರಿಸಿದೆ.

"ಪುನಃ ಹಾಕು."

ಹಾಕಿದೆ. ಪುನಃ ಮೂಲೆ ನೋಡಿದರು, ಬೆರಳಿನಿಂದ ಮುಟ್ಟಿಯೂ ನೋಡಿದರು. "ಇಲ್ಲ," ಎಂದರು. ಆಮೇಲೆ ಕುಂಕುಮದ ಬಟ್ಟಲು ತರಿಸಿ, ಪೆಟ್ಟಿಗೆಗೆ ಒಂದು, ಕೀಬೋರ್ಡಿಗೆ ಒಂದು, ಮೌಸಿಗೆ ಒಂದು ಇಟ್ಟು, ಕೊನೆಗೆ ಸ್ಕ್ರೀನಿನ ಆ ಮೂಲೆಗೇ ಸರಿಯಾಗಿ ಒಂದು ಇಟ್ಟರು. ಮಾತು ಮುಗಿಯಿತು, ಪಾಠ ಉಂಟು ಎಂದು ನಾನು ಎಲ್ಲ ಮನೆಗೂ ಮೆಸೇಜು ಕಳಿಸಿದೆ.

ಮುಗಿದಿರಲಿಲ್ಲ. ಇವತ್ತು ಬೆಳಿಗ್ಗೆ ಪಾಠಕ್ಕೆ ಮೊದಲು ಒಮ್ಮೆ ನೋಡಿಕೊಳ್ಳುವ ಎಂದು ಪಾಠದ ಫೈಲು ತೆರೆದೆ. ಕನ್ನಡ ಇರಲಿಲ್ಲ. ಇಂಗ್ಲಿಷಿನ ಅಕ್ಷರ, ಅಂಕಿ, ಚುಕ್ಕೆ, ಬ್ರಾಕೆಟ್ಟು, ಎಲ್ಲ ಒಂದರ ಮೇಲೊಂದು ಚೆಲ್ಲಿಕೊಂಡಿತ್ತು. ಇನ್ನೊಂದು ತೆರೆದೆ, ಅದೂ ಹಾಗೇ. ಬಾವಿಯ ನೀರು, ಕೊಡ, ಅಮ್ಮ, ಯಾರೂ ಇಲ್ಲ. ಅಂಗಡಿಯವನಿಗೆ ಫೋನು ಮಾಡಿದೆ. ಹಬ್ಬದ ದಿನ ಎಂದು ಬೈಯಲಿಲ್ಲ, ಪಾಪ. ನಾನು ಟೈಪ್ ಮಾಡಿದ್ದು ಹಳೆಯ ಕಾಲದ ಫಾಂಟಿನಲ್ಲಿ, ಅದು ಆ ಸಿಸ್ಟಮಿನ ಜೊತೆಗೇ ಹೋಯಿತು, ಇದರಲ್ಲಿ ಕನ್ನಡ ಬೇರೆ ರೀತಿಯಲ್ಲಿ ಉಂಟು, ಪುನಃ ಟೈಪ್ ಮಾಡುವುದು ಒಳ್ಳೆಯದು ಎಂದ. ಎಷ್ಟು ಪಾಠ ಎಂದು ಅವನು ಕೇಳಿದ. ನಾನು ಹಬ್ಬದ ಶುಭಾಶಯ ಹೇಳಿ ಫೋನು ಇಟ್ಟೆ.

ಅತ್ತೆ ಇಸ್ತ್ರಿ ಸೀರೆ ಉಟ್ಟು, ವಾಚು ಕಟ್ಟಿ ಬಂದರು. ಸ್ಕ್ರೀನು ನೋಡಿದರು, ನನ್ನ ಮುಖ ನೋಡಿದರು.

"ಎಲ್ಲ ಹೋಯಿತಾ?"

"ಎಲ್ಲ ಹೋಯಿತು ಅತ್ತೆ. ಆ ಹಳೆಯದು ಇದ್ದಿದ್ದರೆ..."

"ಇದ್ದಿದ್ದರೆ ಇರುತ್ತಿತ್ತು," ಎಂದರು. "ಮಂಚದ ಅಡಿಯಲ್ಲಿ ಒಂದು ಸುರುಳಿ ಉಂಟು, ತೆಗೆ."

ಸೂಟ್‌ಕೇಸು, ಹಳೆಯ ಹಾಸಿಗೆ, ಕುಕ್ಕರಿನ ಖಾಲಿ ಪೆಟ್ಟಿಗೆ ಎಲ್ಲ ಎಳೆದ ಮೇಲೆ ಅದು ಸಿಕ್ಕಿತು. ಸುರುಳಿ ಸುತ್ತುವ ಕಪ್ಪು ಬೋರ್ಡು, ಎರಡು ಕಡೆ ಮರದ ಪಟ್ಟಿ. ಧೂಳು ಒರೆಸುವಾಗ ನಾನು ತಡೆಯಲಾಗದೆ ಕೇಳಿದೆ, "ಇದು ಶಾಲೆಯದ್ದಾ?"

"ನನ್ನ ಸ್ವಂತದ್ದು," ಎಂದರು ಅತ್ತೆ. "ಶಾಲೆಯದ್ದನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ."

ಇವರು ಅದನ್ನು ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದರು. ಚಾಕ್ ಇರಲಿಲ್ಲ, ರಂಗೋಲಿ ಡಬ್ಬಿಯಲ್ಲಿ ಗೆರೆ ಎಳೆಯುವ ಒಂದು ತುಂಡು ಸಿಕ್ಕಿತು. ಕ್ಯಾಮೆರಾ ಬೋರ್ಡಿನ ಕಡೆ ತಿರುಗಿಸಿದೆ. ಮಕ್ಕಳ ಮುಖ ಬಂತು, ದೊಡ್ಡದಾಗಿ, ಸ್ಲೇಟು ಸಮೇತ. ಕೊನೆಗೆ ಅಂಬರನಾಥದ ಮನೆ ಬಂತು. ಹಿಂದೆ ಮಗು ಅಳುತ್ತಿತ್ತು, ಎದುರು ಸ್ಟೀಲಿನ ತಟ್ಟೆಯಲ್ಲಿ ಅಕ್ಕಿ, ಅದರ ಮುಂದೆ ಎರಡು ಜಡೆಯ ಹುಡುಗಿ, ಅವಳ ಹಿಂದೆ ಹಣೆಯ ತುಂಬ ಕಾರ್ಖಾನೆಯ ಪೂಜೆಯ ಭಂಡಾರ ಹಚ್ಚಿಕೊಂಡ ಅಪ್ಪ.

"ಅವಳ ಕೈ ಹಿಡಿ," ಎಂದರು ಅತ್ತೆ. "ನಾನು ಬರೆದ ಹಾಗೆ ನೀನು ಬರೆಸು."

"ನನ ಕೈ ಒರಟ ಅದಾವ್ರಿ ಅಮ್ಮಾರ."

"ಅಕ್ಕಿಗೆ ಗೊತ್ತಾಗುವುದಿಲ್ಲ. ಹಿಡಿ."

ಅತ್ತೆ ಬೋರ್ಡಿನಲ್ಲಿ ನಿಧಾನವಾಗಿ ಒಂದು 'ಅ' ಬರೆದರು. ಅಲ್ಲಿ ಅಪ್ಪ ಮಗಳ ಬೆರಳು ಹಿಡಿದು ಅಕ್ಕಿಯಲ್ಲಿ ಎಳೆದ. ಮೊದಲಿನದ್ದು ಎತ್ತಲೋ ಹೋಯಿತು. "ಅಳಿಸು, ಪುನಃ," ಎಂದರು ಅತ್ತೆ. ಎರಡನೆಯದ್ದಕ್ಕೂ ಪುನಃ ಎಂದರು. ಆಮೇಲಿನದ್ದನ್ನು ಸ್ಕ್ರೀನಿಗೆ ಹತ್ತಿರ ಹೋಗಿ ನೋಡಿ, "ಈಗ ಆಯಿತು" ಎಂದರು. ಚಂದ ಉಂಟು ಎನ್ನಲಿಲ್ಲ.

"ಏನು ಬರೆದೆ, ಹೇಳು?"

ಹುಡುಗಿ ಅಪ್ಪನ ಮುಖ ನೋಡಿ, ಮೆಲ್ಲಗೆ, "ಅ," ಎಂದಳು. ಅಪ್ಪ ಮೂಗು ಒರೆಸಿಕೊಂಡು, "ಈ ಅಕ್ಕಿ ಏನ ಮಾಡ್ಬೇಕ್ರಿ?" ಎಂದು ಕೇಳಿದ.

"ಪಾಯಸ ಮಾಡಿ ಅವಳಿಗೇ ಉಣಿಸು."

ನೆರೂಳದ ಹುಡುಗ ಅಷ್ಟು ಹೊತ್ತು ತಡೆದುಕೊಂಡಿದ್ದ. "ಅ... ಅಜ್ಜಿ, ಆ ಲೈನ್ ಇಲ್ಲ ಈಗ," ಎಂದ. "ದುಡ್ಡು ಕೊಟ್ಟಿರಾ?"

"ಇಲ್ಲ. ಇದು ಎಲ್ಲರದ್ದು," ಎಂದರು ಅತ್ತೆ. "ಸ್ಲೇಟು ತೆಗೆ."

ಪಾಠ ಮುಗಿದ ಮೇಲೆ ಅತ್ತೆಗೆ ಹೊಸ ಸಿಸ್ಟಮಿನ ಮೇಲೆ ಕುತೂಹಲ ಬಂತು. ಅದನ್ನು ಕನ್ನಡದಲ್ಲೇ ನೋಡಬಹುದು ಎಂದು ಅಂಗಡಿಯವ ಹೇಳಿದ್ದ, ಹಾಗೆ ಮಾಡಿ ತೋರಿಸಿದೆ. ಕನ್ನಡಕ ಏರಿಸಿ ಪಟ್ಟಿಯಲ್ಲಿದ್ದ ಶಬ್ದಗಳನ್ನು ಒಂದೊಂದಾಗಿ ಓದಿದರು. ಕೆಲವಕ್ಕೆ ತಲೆ ಆಡಿಸಿದರು. ಒಂದು ಕಡೆ ನಿಂತರು. ಆ ಸಾಲು ಏನು ಮಾಡಲು ಹೇಳುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

"ಇದನ್ನು ಕನ್ನಡ ಮಾಡಿದ್ದು ಯಾರು?"

"ಯಾರೋ ನಮ್ಮವರೇ ಅಂತೆ. ಸಂಬಳ ಇಲ್ಲದೆ, ಬಿಡುವಿನಲ್ಲಿ."

"ಪಾಪ," ಎಂದರು. ಆ ಸಾಲನ್ನು ಪುನಃ ಓದಿದರು. "ಅವರಿಗೆ ಬರೆದು ತಿಳಿಸಲು ಆಗುತ್ತದಾ? ಇದನ್ನು ಮಕ್ಕಳಿಗೆ ಅರ್ಥ ಆಗುವ ಹಾಗೆ ಹೇಳಬಹುದು. ನಾನು ಹೇಳುತ್ತೇನೆ, ನೀನು ಬರೆ. ಬೈದ ಹಾಗೆ ಇರಬಾರದು." ಆಮೇಲೆ ಇವರ ಕಡೆ ತಿರುಗಿ, "ಎಲೆ ಎಲ್ಲಿ ಅಂತ ಕೇಳಿದೆಯಲ್ಲ?" ಎಂದರು.

ಇವರು, "ನನ್ನ ಪಾಲಿನದ್ದು?" ಎಂದರು.

"ನೀನು ಬ್ರೆಡ್ಡು ತರುವುದು ನಿಲ್ಲಿಸು."

ನನ್ನ ಪಾಲಿನದ್ದು ಯಾರೂ ಹೇಳಬೇಕಾಗಿಲ್ಲ. ಪಾಠಗಳನ್ನೆಲ್ಲ ಮೊದಲಿನಿಂದ ಟೈಪ್ ಮಾಡಬೇಕು. ಹೊಸ ಕೀಲಿಗಳು ಎಲ್ಲೆಲ್ಲಿ ಉಂಟು ಎಂದು ಇನ್ನೂ ಕೈಗೆ ಹತ್ತಿಲ್ಲ. ಬಾವಿಯ ನೀರು ತಣ್ಣಗಿದೆ ಎಂಬಲ್ಲಿಗೆ ಬರುವಷ್ಟರಲ್ಲಿ ಕುಕ್ಕರು ಕೂಗಿತು.

ಊಟಕ್ಕೆ ಹೆಸರುಬೇಳೆ ಪಾಯಸ, ತೊಂಡೆಕಾಯಿ ಗೇರುಬೀಜದ ಪಲ್ಯ, ಸೌತೆಕಾಯಿ ಸಾಂಬಾರು, ಹಪ್ಪಳ, ಮತ್ತು ಇಷ್ಟು ದಿನ ಉಳಿದ ಬ್ರೆಡ್ಡನ್ನು ತುಪ್ಪದಲ್ಲಿ ಹುರಿದು ಸಕ್ಕರೆ ಹಾಕಿದ್ದು. ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಂಡರು, ಪಾಯಸವನ್ನು ಕೇಳಿ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರೂ ಅವರೇ. ಮಧ್ಯಾಹ್ನ ಮಲಗುವ ಅಭ್ಯಾಸ ತನಗಿಲ್ಲ ಎಂದು ಹೇಳುತ್ತಾ, ವಾಚು ಬಿಚ್ಚದೆ, ಬೋರ್ಡಿನ ಎದುರಿನ ಕುರ್ಚಿಯಲ್ಲೇ. ಆಮೇಲೆ ಇವರು.